ಕುಬುಸದ ಸಡಗರ ಮನೆಯಂಗಳದಲ್ಲಿಯೇ ಇರಲಿ



ಮದುವೆಯ ದುಂದುವೆಚ್ಚದ ಕುರಿತು ನಮ್ಮ ಮಠಾಧೀಶರೂ ಸಮಾಜದ ಹಿರಿಯರೂ ಬಹುಕಾಲದಿಂದ ಹೇಳುತ್ತಲೇ ಬಂದಿದ್ದಾರೆ. ಸಾಮೂಹಿಕ ವಿವಾಹಗಳು ನಡೆದು ಎಷ್ಟೋ ಕುಟುಂಬಗಳು ಸಾಲದಿಂದ ಉಳಿದುಕೊಂಡಿವೆ. ಆದರೆ ಮದುವೆಯ ತರುವಾಯ ಮನೆಗೆ ಬರುವ ಚಿಕ್ಕ ಚಿಕ್ಕ ಮಂಗಳ ಕಾರ್ಯಗಳ ಬಗೆಗೆ ನಾವು ಅಷ್ಟಾಗಿ ಯೋಚಿಸಿದಂತೆ ಕಾಣುವುದಿಲ್ಲ. ಕುಬುಸ, ತೊಟ್ಟಿಲು, ಜವಳ, ಗೃಹಪ್ರವೇಶ ಇವೆಲ್ಲ ಮನೆಯ ಪಡಸಾಲೆಯಲ್ಲಿ ಹತ್ತು ಜನ ಹೆಣ್ಣುಮಕ್ಕಳು ಸೇರಿ ಮುಗಿಸುತ್ತಿದ್ದ ಕಾರ್ಯಗಳು. ಇಂದು ಅವೂ ಕಲ್ಯಾಣಮಂಟಪ ಸೇರಿವೆ. ಆದ್ದರಿಂದ ಈ ಸಂಚಿಕೆಯಲ್ಲಿ ಕುಬುಸವನ್ನು ಮನೆಯಲ್ಲಿಯೇ, ಅಂದವಾಗಿ, ಮಿತವಾಗಿ ನಡೆಸುವ ಬಗೆಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಇದು ಕೇವಲ ಉಪದೇಶವಲ್ಲ. ಕಣ್ಣಾರೆ ಕಂಡ ಒಂದು ಪ್ರಸಂಗ ಇದಕ್ಕೆ ಆಧಾರವಾಗಿದೆ.

ಮೊದಲು ಹೆಸರಿನ ಅರ್ಥವನ್ನು ನೋಡೋಣ. ಕುಬುಸವೆಂದರೆ ಕುಪ್ಪಸ, ರವಿಕೆ. ಗರ್ಭಿಣಿಗೆ ಹಸಿರು ಸೀರೆ, ಕುಬುಸ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಅವಳು ಬಯಸಿದ್ದನ್ನು ಉಣ್ಣಿಸಿ ಹರಸುವುದರಿಂದ ಈ ಕಾರ್ಯಕ್ಕೆ ಆ ಹೆಸರು ನಿಂತಿದೆ. ಗೃಹ್ಯಸೂತ್ರಗಳಲ್ಲಿ ಬರುವ ಸೀಮಂತೋನ್ನಯನವು ಗರ್ಭಿಣಿಯ ಬೈತಲೆ ತೆಗೆಯುವ ವೈದಿಕ ಸಂಸ್ಕಾರ. ನಮ್ಮ ಕುಬುಸ ಹೆಣ್ಣುಮಕ್ಕಳೇ ಕಟ್ಟಿ ಬೆಳೆಸಿದ ಮನೆಯ ಹಬ್ಬ. ನಮ್ಮ ಪರಂಪರೆಯಲ್ಲಿ ಎಂಟನೆಯ ತಿಂಗಳಿನಲ್ಲಿ ಗರ್ಭಸ್ಥ ಶಿಶುವಿಗೆ ಗುರುವಿನಿಂದ ಲಿಂಗಧಾರಣೆ ಮಾಡಿಸುವ ಸಂಸ್ಕಾರವೂ ಉಂಟು. ಅದಕ್ಕೆ ಬೇಕಾದುದು ಗುರು, ಲಿಂಗ, ವಿಭೂತಿ ಮತ್ತು ಶುದ್ಧವಾದ ಮನಸ್ಸು. ಈ ಎರಡರಲ್ಲಿ ಯಾವುದಕ್ಕೂ ಸಾವಿರ ಕುರ್ಚಿಗಳ ಸಭಾಂಗಣ ಬೇಕೆಂದು ಎಲ್ಲಿಯೂ ಹೇಳಿಲ್ಲ.

ಇನ್ನು ಪ್ರಸಂಗಕ್ಕೆ ಬರುತ್ತೇನೆ. ಮಾನ್ವಿ ತಾಲ್ಲೂಕಿನ ಒಂದು ಗ್ರಾಮದಿಂದ ಪರಿಚಯದ ತಾಯಿಯೊಬ್ಬರು ನಮ್ಮ ಮನೆಗೆ ಬಂದರು. ಪತಿ ಲಿಂಗೈಕ್ಯರಾಗಿ ಆರು ವರ್ಷಗಳಾಗಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ಮೂರು ಎಕರೆ ಹೊಲ. ಮೇಲಿನವರಿಗೆ ನೀರು ಸಿಕ್ಕು ಉಳಿದರೆ ಇವರಿಗೆ ಭತ್ತ, ಇಲ್ಲವಾದರೆ ಇಲ್ಲ. ಒಬ್ಬಳೇ ಮಗಳನ್ನು ರಾಯಚೂರು ನಗರಕ್ಕೆ ಕೊಟ್ಟಿದ್ದಾರೆ. ಮಗಳಿಗೆ ಏಳು ತಿಂಗಳು ತುಂಬುತ್ತಿದ್ದವು. ಆ ತಾಯಿ ಬಂದದ್ದು ದಿನ ಕೇಳಲು ಎಂದು ನಾನು ಭಾವಿಸಿದೆ. ಅವರು ಕೇಳಿದ್ದು ಬೇರೆಯೇ ಆಗಿತ್ತು.

“ಅಪ್ಪಾರ, ಹೊಲ ಒತ್ತಿ ಹಾಕಿದ್ರ ಒಂದೂವರಿ ಲಕ್ಷ ಕೊಡ್ತಾರಂತ್ರಿ. ಆ ಕಾಗದಾ ಒಂದಿಷ್ಟು ಓದಿ ನೋಡ್ರಿ” ಎಂದರು.

ಏಕೆ ತಾಯಿ ಎಂದು ಕೇಳಿದೆ. ಕುಬುಸಕ್ಕೆ ರಾಯಚೂರಿನಲ್ಲಿ ಮಂಟಪ ಹಿಡಿಯಬೇಕಂತೆ. ಹೂವಿನ ವೇದಿಕೆ, ಬಲೂನುಗಳ ಕಮಾನು, ಫೋಟೊ, ವಿಡಿಯೊ, ಐನೂರು ಜನರ ಊಟ, ಬೀಗರ ಕಡೆಯ ಹೆಣ್ಣುಮಕ್ಕಳಿಗೆಲ್ಲ ಸೀರೆ. ಬೀಗರು ಇದನ್ನೆಲ್ಲ ಕೇಳಿದರೆ ಎಂದೆ. “ಬಾಯಿ ಬಿಟ್ಟು ಕೇಳಿಲ್ರಿ. ಆದ್ರ ಮಾಡ್ಲಿಲ್ಲಂದ್ರ ನಾಳೆ ನನ್ನ ಮಗಳಿಗೆ ಗಂಡಿಲ್ಲದಾಕಿ ಮಗಳು ಅಂತ ಅಂದಾರಲ್ರಿ” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಕಾಗದವನ್ನು ಓದಿದೆ. ಮೂರು ವರ್ಷಗಳ ಒತ್ತಿ. ನೀರಿನ ಭರವಸೆಯಿಲ್ಲದ ಹೊಲದಿಂದ ಆ ಸಾಲ ತೀರುವುದೆಂತು? ಎರಡು ದಿನ ತಡೆಯಿರೆಂದು ಹೇಳಿ, ಮರುದಿನ ಬಸ್ಸು ಹಿಡಿದು ರಾಯಚೂರಿಗೆ ಹೋದೆ. ಬೀಗರೂ ನನಗೆ ಅಪರಿಚಿತರಲ್ಲ. ಮನೆಯ ಯಜಮಾನರು ಹೊರಗೆ ಹೋಗಿದ್ದರು. ಬೀಗಿತ್ತಿಯವರು ಆಸನ ಕೊಟ್ಟು, ನೀರು ಕೊಟ್ಟು ಕುಳಿತರು. ನಾನು ಮಾತು ತೆಗೆಯುವ ಮೊದಲೇ ಅವರೇ ಹೇಳಿದರು: “ಕುಬುಸದ್ದೇ ಚಿಂತಿ ಆಗ್ಯದ್ರಿ ಅಪ್ಪಾರ. ಸಂಘದಾಗ ಸಾಲ ತಗೀಬೇಕಂತ ಮಾಡೀವಿ. ಸೊಸಿ ತವರಮನಿಯವರು ಊರಿಂದ ಬರ್ತಾರ. ನಾವು ಮನ್ಯಾಗ ಮುಗಿಸಿಬಿಟ್ರ, ಪ್ಯಾಟ್ಯಾಗ ಇದ್ದು ಇಷ್ಟೇನಾ ಅಂತಾರಲ್ರಿ!”

ಓದುಗರೇ, ಇದನ್ನು ಸ್ವಲ್ಪ ಮನನ ಮಾಡಿರಿ. ಅವರಿಗೆ ಇವರ ಭಯ, ಇವರಿಗೆ ಅವರ ಭಯ. ಯಾರೂ ಬೇಡಿದ್ದಿಲ್ಲ, ಯಾರೂ ಹೀಯಾಳಿಸಿದ್ದಿಲ್ಲ. ಎರಡು ಮನೆಗಳೂ ಒಂದನ್ನೊಂದು ಮೆಚ್ಚಿಸುವ ಸಲುವಾಗಿ ಸಾಲದ ಬಾಗಿಲಿನಲ್ಲಿ ನಿಂತಿದ್ದವು. ನಮ್ಮ ಸಮಾಜದ ಆಡಂಬರದಲ್ಲಿ ಅಹಂಕಾರಕ್ಕಿಂತ ಅಂಜಿಕೆಯೇ ಹೆಚ್ಚೆಂದು ನನಗೆ ಅಂದು ಮನವರಿಕೆಯಾಯಿತು. ಅಹಂಕಾರವನ್ನು ಮುರಿಯುವುದು ಕಷ್ಟ. ಅಂಜಿಕೆಯನ್ನು ಒಂದು ಮಾತಿನಿಂದ ಕಳೆಯಬಹುದು. ಆ ಮಾತನ್ನು ಯಾರಾದರೊಬ್ಬರು ಮೊದಲು ಆಡಬೇಕು, ಅಷ್ಟೇ.

ಆ ತಾಯಿಗೆ ನಾನು ನಮ್ಮದೇ ಜಿಲ್ಲೆಯ ಶರಣ ದಂಪತಿಗಳ ಕಥೆಯನ್ನು ನೆನಪಿಸಿದೆ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರು ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದವರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ನಮ್ಮ ಅಗತ್ಯಕ್ಕೆ ಮೀರಿದ್ದು, ಎಲ್ಲಿಂದ ತಂದಿರೋ ಅಲ್ಲಿಯೇ ಚೆಲ್ಲಿ ಬನ್ನಿರೆಂದು ಲಕ್ಕಮ್ಮನವರು ಗಂಡನನ್ನು ಹಿಂದಿರುಗಿಸಿದರು. ಅದೇ ಆಯ್ದ ಅಕ್ಕಿಯಿಂದ ಅವರು ಬಸವಣ್ಣನವರಿಗೂ ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೂ ಪ್ರಸಾದ ನೀಡಿದರೆಂದು ಪುರಾತನರ ಕಥೆಗಳು ಹೇಳುತ್ತವೆ. ಆತಿಥ್ಯದಲ್ಲಿ ಬಡತನವು ಕೊರತೆಯಲ್ಲ, ಇಲ್ಲದುದನ್ನು ಸಾಲ ತಂದು ಉಳ್ಳವರಂತೆ ತೋರುವುದೇ ಕೊರತೆ ಎಂಬುದನ್ನು ಈ ನಾಡಿನ ಹೆಣ್ಣುಮಗಳೊಬ್ಬಳು ಹನ್ನೆರಡನೆಯ ಶತಮಾನದಲ್ಲಿಯೇ ತಿಳಿದಿದ್ದಳು.

ಬೀಗಿತ್ತಿಯವರಿಗೆ ಮಾತು ನಾಟಿತು. ಅಲ್ಲಿಂದಲೇ ಮಾನ್ವಿಗೆ ಫೋನು ಮಾಡಿ, “ಮಂಟಪ ಗಿಂಟಪ ಏನೂ ಬ್ಯಾಡ್ರಿ ಬೀಗ್ತಿ, ನಮ್ಮ ಮನ್ಯಾಗ ಮಾಡೋಣ, ನೀವು ಬುತ್ತಿ ಕಟ್ಟಿಕೊಂಡು ಬರ್ರಿ ಸಾಕು” ಎಂದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲವಂತೆ.

ಹೀಗೆ ನಿಶ್ಚಯವಾದ ಕುಬುಸ ಹೇಗೆ ನಡೆಯಿತೆಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಮನೆಯಲ್ಲಿ ಕಾರ್ಯ ಮಾಡಬೇಕೆನ್ನುವವರಿಗೆ ಉಪಯೋಗವಾದೀತು.

ಮೊದಲನೆಯದು ಆಮಂತ್ರಣ. ಗರ್ಭಿಣಿಯನ್ನು ಹೆಸರು ಹಿಡಿದು ಕರೆಯಬಲ್ಲವರು ಯಾರು ಎಂದು ಕೇಳಿಕೊಂಡು ಪಟ್ಟಿ ಮಾಡಿದರು. 40 ಜನರಾದರು. ಮುದ್ರಿತ ಪತ್ರಿಕೆ ಮಾಡಿಸಲಿಲ್ಲ. ಅತ್ತೆಯೇ ಓಣಿಯ ಮನೆಗಳಿಗೆ ಹೋಗಿ ಕುಂಕುಮ ಕೊಟ್ಟು ಕರೆದರು. ದೂರದವರಿಗೆ ಫೋನು ಸಾಕಾಯಿತು.

ಎರಡನೆಯದು ಅಲಂಕಾರ. ಅಂದವು ಹಣದಿಂದ ಬರುವುದಿಲ್ಲ, ಅಚ್ಚುಕಟ್ಟಿನಿಂದ ಬರುತ್ತದೆ. ಹಿಂದಿನ ದಿನವೇ ಪಡಸಾಲೆಯ ಸಾಮಾನುಗಳನ್ನು ಒಳಗಿಟ್ಟು ನೆಲ ಸಾರಿಸಿದ್ದರು. ಗೋಡೆಗೆ ಅಜ್ಜಿಯ ಕಾಲದ ಇಳಕಲ್ ಸೀರೆಯೊಂದನ್ನು, ಅದರ ಕೆಂಪು ಟೋಪು ಸೆರಗು ಮುಂದೆ ಕಾಣುವಂತೆ ಇಳಿಬಿಟ್ಟರು. ಬಾಗಿಲಿಗೆ ಮಾವಿನ ತೋರಣ, ಎರಡೂ ಬದಿಗೆ ತೆನೆ ಸಹಿತವಾದ ಜೋಳದ ದಂಟು, ಚೆಂಡುಹೂವಿನ ನಾಲ್ಕು ಮಾಲೆ. ನೆಲಕ್ಕೆ ಜಮಖಾನೆ, ಅದರ ಮೇಲೆ ಮನೆಯಲ್ಲಿ ಹೊಲಿದ ಬಣ್ಣಬಣ್ಣದ ಕೌದಿ. ಎರಡು ಸಮೆಗಳಲ್ಲಿ ಎಣ್ಣೆದೀಪ. ಫೋಟೊವನ್ನು ಮೈದುನನೇ ತನ್ನ ಮೊಬೈಲಿನಲ್ಲಿ ತೆಗೆದ. ಕಾರ್ಯ ಮುಗಿದ ಮೇಲೆ ಸೀರೆ ಪೆಟ್ಟಿಗೆ ಸೇರಿತು, ಕೌದಿ ಹಾಸಿಗೆಗೆ ಹೋಯಿತು, ದಂಟು ದನಕ್ಕೆ ಹೋಯಿತು. ಕಸವೆಂದು ಹೊರಗೆ ಹಾಕಿದ್ದು ಬಾಡಿದ ಹೂವಷ್ಟೇ.

ಮೂರನೆಯದು ಊಟ. ಅಡುಗೆಯ ಪದಾರ್ಥಗಳ ಸಂಖ್ಯೆಯನ್ನು ಏರಿಸುವುದರಲ್ಲಿ ಹೆಚ್ಚುಗಾರಿಕೆಯಿಲ್ಲ. 40 ಜನರಿಗೆ ತಲಾ ಎರಡರಂತೆ ಹೋಳಿಗೆಗೆ 2 ಕಿಲೊ ಕಡಲೆಬೇಳೆ, 2 ಕಿಲೊ ಬೆಲ್ಲ ಸಾಕಾದವು. ಬೇಳೆ ಬಸಿದ ಕಟ್ಟಿನಿಂದಲೇ ಸಾರು. 4 ಕಿಲೊ ಅಕ್ಕಿಯ ಅನ್ನ, ಅದರಲ್ಲಿ ಅರ್ಧ ಮೊಸರನ್ನ. ಬದನೆಯ ಎಣ್ಣೆಗಾಯಿ, ಪುಂಡಿಪಲ್ಯ, ಹೆಸರುಕಾಳಿನ ಉಸುಳಿ, ಸೌತೆಕಾಯಿ ಕೋಸಂಬರಿ, ಸೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಹೆಣ್ಣುಮಕ್ಕಳು ನೆಲದ ಮೇಲೆ ಪಂಕ್ತಿಯಲ್ಲಿ ಕುಳಿತರು. ನಿಂತು ಬಡಿಸುವವರು ಗಂಡಸರಾದರು. ಸ್ವಲ್ಪ ಸ್ವಲ್ಪವೇ ಬಡಿಸಿ ಮತ್ತೆ ಮತ್ತೆ ಕೇಳಿದ್ದರಿಂದ ಯಾರ ತಟ್ಟೆಯಲ್ಲಿಯೂ ಅನ್ನ ಉಳಿಯಲಿಲ್ಲ. ಪ್ರಸಾದವನ್ನು ಚೆಲ್ಲಬಾರದೆಂದು ಕಲಿತ ನಮ್ಮ ಸಮಾಜದ ಸಮಾರಂಭಗಳಲ್ಲಿಯೇ ಇಂದು ಅರ್ಧ ಉಂಡ ಎಲೆಗಳು ತಿಪ್ಪೆ ಸೇರುವುದನ್ನು ಕಂಡಾಗ ಕರುಳು ಚುರ್ ಎನ್ನುತ್ತದೆ.

ರೊಟ್ಟಿಯ ಮಾತನ್ನು ಬೇರೆಯಾಗಿಯೇ ಹೇಳಬೇಕು. ಹುಡುಗಿಯ ಸೋದರತ್ತೆಯನ್ನು ದೇವದುರ್ಗದ ಕಡೆಗೆ ಕೊಟ್ಟಿದ್ದಾರೆ. ಆ ಊರಿನಲ್ಲಿ ಒಂದು ಮನೆಯ ಕಾರ್ಯಕ್ಕೆ ನೆರೆಯ ಮನೆಗಳವರು ಹತ್ತು ಹತ್ತು ರೊಟ್ಟಿ ಬಡಿದು ಕೊಡುವ ವಾಡಿಕೆ ಇನ್ನೂ ಉಳಿದಿದೆ. ಸೋದರತ್ತೆ 120 ಖಡಕ್ ರೊಟ್ಟಿಗಳನ್ನು ಬಿಳಿ ಅರಿವೆಯಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ತಂದಿದ್ದರು. ಒಂದೇ ಮನೆಯಲ್ಲಿ ಬಡಿದಿದ್ದರೆ ಸುಮಾರು 10 ಕಿಲೊ ಹಿಟ್ಟು, ಒಂದು ಇಡೀ ದಿನದ ದುಡಿಮೆ. ಹನ್ನೆರಡು ಮನೆಗಳಿಗೆ ಹಂಚಿದಾಗ ಅದು ಯಾರಿಗೂ ಭಾರವಾಗಲಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯನ್ನು ಕಂಡವರಿಗೆ ಇದು ಹೊಸದಲ್ಲ. 1997ರವರೆಗೆ ನಮ್ಮ ಜಿಲ್ಲೆಯಲ್ಲಿಯೇ ಇದ್ದ ಆ ಊರಿಗೆ ಜಾತ್ರೆಯ ಮಹಾದಾಸೋಹಕ್ಕೆಂದು ಹಳ್ಳಿಹಳ್ಳಿಗಳ ತಾಯಂದಿರು ಬಡಿದ ಲಕ್ಷಗಟ್ಟಲೆ ರೊಟ್ಟಿಗಳು ಗಾಡಿಗಳಲ್ಲಿ ಬಂದು ಸೇರುತ್ತವೆ. ದೊಡ್ಡ ಮಠದ ದಾಸೋಹವೇ ಹಂಚಿಕೊಂಡ ದುಡಿಮೆಯಿಂದ ನಡೆಯುವಾಗ, ನಮ್ಮ ಮನೆಯ ಕಾರ್ಯಕ್ಕೆ ನೆರೆಯವರ ಕೈಗೂಡಿಸಿಕೊಳ್ಳಲು ನಾಚಿಕೆ ಏಕೆ?

ನಾಲ್ಕನೆಯದು ಗರ್ಭಿಣಿಯ ಅನುಕೂಲ. ಇದು ಎಲ್ಲಕ್ಕಿಂತ ಮುಖ್ಯವಾದುದು. ಮಂಟಪವೊಂದರಲ್ಲಿ ನಡೆದ ಕುಬುಸಕ್ಕೆ ಹಿಂದೊಮ್ಮೆ ನಾನು ಹೋಗಿದ್ದೆ. ಬೇಸಗೆಯ ದಿನ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಮಗುವನ್ನು ಪ್ರಖರ ದೀಪಗಳ ಕೆಳಗೆ, ಭಾರವಾದ ಸೀರೆ ಉಡಿಸಿ, ಮೂರು ತಾಸು ಕೂಡಿಸಿದ್ದರು. ಧ್ವನಿವರ್ಧಕದ ಅಬ್ಬರದಲ್ಲಿ ಅವಳು ನೀರು ಕೇಳಿದ್ದು ಯಾರಿಗೂ ಕೇಳಿಸಲಿಲ್ಲ. ಕೊನೆಗೆ ತಲೆ ಸುತ್ತಿ ಬಿದ್ದಳು. ಕುಬುಸ ಅವಳಿಗಾಗಿಯೇ ನಡೆದಿತ್ತು, ಆದರೆ ಅವಳ ಕಡೆಗೆ ನೋಡುವವರೇ ಅಲ್ಲಿರಲಿಲ್ಲ. ಆದ್ದರಿಂದ ಈ ಕೆಲವು ನಿಯಮಗಳನ್ನು ಪಾಲಿಸಿರಿ. ಬೆಳಿಗ್ಗೆ ಹತ್ತರೊಳಗೆ ಆರತಿ ಮುಗಿಯಲಿ. ತಗ್ಗಾದ ಮಣೆಯ ಬದಲು ಬೆನ್ನಿಗೆ ಆಧಾರವಿರುವ ಕುರ್ಚಿ ಇಡಿರಿ. ಹತ್ತಿಯ ಸೀರೆ ಉಡಿಸಿರಿ. ಅರ್ಧ ತಾಸಿಗಿಂತ ಹೆಚ್ಚು ಒಂದೇ ಕಡೆ ಕೂಡಿಸಬೇಡಿರಿ. ಪಕ್ಕದಲ್ಲಿ ನೀರು, ಮಜ್ಜಿಗೆ ಇರಲಿ. ಎಲ್ಲರೂ ಒಂದೊಂದು ತುತ್ತು ಸಿಹಿಯನ್ನು ಬಾಯಿಗಿಡುವ ಪದ್ಧತಿಯಿದೆ. ವೈದ್ಯರು ಸಕ್ಕರೆ ಅಂಶದ ಎಚ್ಚರಿಕೆ ಹೇಳಿದ್ದರೆ ಅದನ್ನು ಬಿಟ್ಟು ಅಕ್ಷತೆ ಹಾಕಿ ಹರಸಿರಿ, ಅದರಿಂದ ಹರಕೆಯೇನೂ ಕಡಿಮೆಯಾಗುವುದಿಲ್ಲ. ವೈದ್ಯರು ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಆ ದಿನದ ಗದ್ದಲದಲ್ಲಿಯೂ ಮರೆಯಬಾರದು. ಊಟವಾದ ಕೂಡಲೇ ಚಹಾ ಕೊಡಬೇಡಿರಿ, ಉಂಡ ಅನ್ನದ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ಅದು ತಡೆಯುತ್ತದೆ, ಲಿಂಬೆರಸವಾದರೆ ನೆರವಾಗುತ್ತದೆ.

ಐದನೆಯದು ಆಟವಿನೋದ. ನಗರಗಳಲ್ಲಿ ‘ಬೇಬಿ ಶವರ್’ ಎಂಬ ಹೆಸರಿನಲ್ಲಿ ಹೊಸ ಆಟಗಳು ಬಂದಿವೆ. ವಿನೋದ ತಪ್ಪಲ್ಲ. ಆದರೆ ನೀಲಿ, ಗುಲಾಬಿ ಬಣ್ಣಗಳನ್ನು ಕಟ್ಟಿ ಹುಟ್ಟುವುದು ಗಂಡೋ ಹೆಣ್ಣೋ ಎಂದು ಊಹಿಸುವ ಆಟ ನಮ್ಮ ನೆಲಕ್ಕೆ ಒಗ್ಗತಕ್ಕದ್ದಲ್ಲ. ಹೊರದೇಶಗಳಲ್ಲಿ ಅದು ತಿಳಿದ ಸಂಗತಿಯನ್ನು ಸಾರುವ ಸಂಭ್ರಮವಾಗಿರಬಹುದು. ನಮ್ಮಲ್ಲಿ ಹೆಣ್ಣು ಭ್ರೂಣವೆಂದು ತಿಳಿದು ಕೊಂದ ಪಾಪದ ಇತಿಹಾಸವಿದೆ. ಅದಕ್ಕಾಗಿಯೇ 1994ರಲ್ಲಿ ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯಿದೆ ಬಂದಿತು, 1996ರಿಂದ ಜಾರಿಯಲ್ಲಿದೆ. ಗಂಡು ಹಡೆಯೆಂದು ಹರಸುವ ಹಳೆಯ ಮಾತನ್ನೂ ಬಿಡಿರಿ. ಆ ಮಾತು ಕೇಳಿದ ಗರ್ಭಿಣಿಯ ಹೊಟ್ಟೆಯಲ್ಲಿ ಹೆಣ್ಣಿದ್ದರೆ, ತಾಯಿ ಮಗಳು ಇಬ್ಬರಿಗೂ ಅಂದೇ ಅವಮಾನ ಮಾಡಿದಂತಾಗುತ್ತದೆ. ಸುಖವಾಗಿ ಹಡೆಯಮ್ಮಾ ಎಂದರೆ ಸಾಲದೇ? ಆ ಮನೆಯಲ್ಲಿ ಅಜ್ಜಿಯರು ಒಗಟು ಹಾಕಿದರು, ಸೋಬಾನೆ ಹೇಳಿದರು. ಅಷ್ಟರಿಂದಲೇ ಮನೆ ತುಂಬಿ ಹೋಯಿತು.

ಆರನೆಯದು ಉಡುಗೊರೆ. ಬೀಗರ ಕಡೆಗೆ ಸೀರೆ ಹಂಚುವುದನ್ನು ಎರಡೂ ಮನೆಯವರು ಮಾತನಾಡಿಕೊಂಡು ನಿಲ್ಲಿಸಿದರು. ಬಂದವರು ಕುಂಚಿಗೆ, ಕುಲಾವಿ, ಮೆತ್ತನೆಯ ಹಳೆಯ ಸೀರೆಯಿಂದ ಹೊಲಿದ ಪುಟ್ಟ ಕೌದಿ ಇಂಥ ಮಗುವಿಗೆ ಬೇಕಾದುದನ್ನೇ ತಂದಿದ್ದರು. ಮನೆಯವರು ಪ್ರತಿಯಾಗಿ ಒಂದು ಜೊತೆ ಹಸಿರು ಬಳೆ ಮತ್ತು ಒಂದೊಂದು ಕರಿಬೇವಿನ ಸಸಿಯನ್ನು ಕೊಟ್ಟರು.

ಈಗ ಈ ಲೇಖನವನ್ನು ಬರೆಯಲು ಪ್ರೇರಣೆಯಾದ ಘಳಿಗೆಯನ್ನು ಹೇಳುತ್ತೇನೆ. ಉಡಿ ತುಂಬುವ ಹೊತ್ತು ಬಂದಿತು. ಮರದಲ್ಲಿ ಅಕ್ಕಿ, ಒಣಕೊಬ್ಬರಿ, ಉತ್ತತ್ತಿ, ಅಡಿಕೆ, ಅರಿಸಿನಕೊಂಬು, ಎಲೆ ಸಿದ್ಧವಾಗಿದ್ದವು. ಮುತ್ತೈದೆಯರು ಸುತ್ತ ನಿಂತರು. ಹುಡುಗಿ ಯಾರನ್ನೋ ಹುಡುಕುತ್ತಿರುವಂತೆ ಬಾಗಿಲ ಕಡೆಗೆ ನೋಡುತ್ತಿದ್ದಳು. ಬೆಳಗಿನಿಂದ ಹೋಳಿಗೆ ಬೇಯಿಸಿ, ನೂರು ಬಾರಿ ಒಳಗೆ ಹೊರಗೆ ಓಡಾಡಿದ್ದ ಆ ಮಾನ್ವಿಯ ತಾಯಿ ಅಡುಗೆಮನೆಯ ಬಾಗಿಲ ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಯಾರೂ ಅವರನ್ನು ಹೊರಗೆ ನಿಲ್ಲೆಂದು ಹೇಳಿರಲಿಲ್ಲ. ಹೇಳುವ ಅಗತ್ಯವೇ ಇಲ್ಲದಂತೆ ನಮ್ಮ ಲೋಕವು ಆ ಪಾಠವನ್ನು ಅವರಿಗೆ ಆರು ವರ್ಷಗಳಿಂದ ಕಲಿಸಿತ್ತು.

ನಾನು ಎದ್ದು ಮಾತನಾಡಬೇಕೆಂದುಕೊಂಡೆ. ಅಷ್ಟರಲ್ಲಿ ಬೀಗಿತ್ತಿಯವರು ಮರವನ್ನು ಎತ್ತಿಕೊಂಡು ನೇರವಾಗಿ ಅಡುಗೆಮನೆಗೆ ನಡೆದರು. “ಹಡದಾಕಿ ಕೈ ಮೊದಲ ಬೀಳಬೇಕ್ರಿ ಬೀಗ್ತಿ, ಬರ್ರಿ” ಎಂದು ಕೈ ಹಿಡಿದು ಕರೆತಂದರು. ಗುಂಪಿನಲ್ಲಿ ಒಂದಿಬ್ಬರು ಮುಖ ಮುಖ ನೋಡಿಕೊಂಡರು. ಹಿರಿಯರೊಬ್ಬರು ಅದು ಶಾಸ್ತ್ರಕ್ಕೆ ಬರುವುದೇ ಎಂಬಂತೆ ನನ್ನ ಕಡೆಗೆ ತಿರುಗಿದರು. ನಾನು ಹೇಳಿದೆ: ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನೂ ಲಿಂಗವಂತರಿಗೆ ಇಲ್ಲವೆಂದರು. ಅಂಗದ ಮೇಲೆ ಲಿಂಗವಿರುವ ತಾಯಿಗೆ ಅಮಂಗಳವೆಲ್ಲಿಂದ ಬಂದೀತು? ಗಂಡನು ಲಿಂಗೈಕ್ಯನಾದನೆಂದು ನಾವೇ ಹೇಳುತ್ತೇವೆ. ಆ ಮಾತು ನಿಜವಾದರೆ ಹೆಂಡತಿಯನ್ನು ಅಶುಭವೆನ್ನಲು ಕಾರಣವೇ ಇಲ್ಲ. ಮತ್ತೆ ಯಾರೂ ಮಾತನಾಡಲಿಲ್ಲ. ತಾಯಿಯ ಕೈ ನಡುಗುತ್ತಿತ್ತು. ಅರ್ಧ ಅಕ್ಕಿ ಉಡಿಗೆ, ಅರ್ಧ ಕೌದಿಗೆ ಬಿದ್ದಿತು. ಮಗಳು ತಾಯಿಯ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಮಂಟಪದ ವೇದಿಕೆಯ ಮೇಲೆ ಇದು ನಡೆಯುತ್ತಿತ್ತೇ? ನನಗೆ ಸಂಶಯ. ಐನೂರು ಜನರ ನೋಟದ ಮುಂದೆ ಆ ತಾಯಿ ಅಡುಗೆಯವರ ಸಾಲಿನಲ್ಲಿಯೇ ಕಳೆದುಹೋಗುತ್ತಿದ್ದರು, ಬೀಗಿತ್ತಿಯವರಿಗೂ ಅಷ್ಟು ಧೈರ್ಯ ಬರುತ್ತಿರಲಿಲ್ಲ. ಮನೆ ಚಿಕ್ಕದಾಗಿದ್ದುದರಿಂದಲೇ ಒಬ್ಬರ ಮುಖ ಒಬ್ಬರಿಗೆ ಕಂಡಿತು.

ಕೊನೆಗೊಂದು ಮಾತು. ಕುಬುಸದ ಕಾಣಿಕೆ ಒಂದು ದಿನಕ್ಕೆ ಮುಗಿಯಬಾರದು. ನಮ್ಮ ರಾಯಚೂರು 2018ರಲ್ಲಿ ಯಾದಗಿರಿಯೊಡನೆ ದೇಶದ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಗೆ ಸೇರಿದ್ದು ಹೆಮ್ಮೆಗಾಗಿ ಅಲ್ಲ, ಆರೋಗ್ಯ, ಶಿಕ್ಷಣ, ಪೌಷ್ಟಿಕತೆಗಳಲ್ಲಿ ಹಿಂದೆ ಬಿದ್ದುದಕ್ಕಾಗಿ. ಗರ್ಭಿಣಿಯರಿಗೆ ಅಂಗನವಾಡಿಗಳಲ್ಲಿ ಮಧ್ಯಾಹ್ನದ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾಯಿತು. ಪೋಷಣ ಅಭಿಯಾನದ ಅಂಗವಾಗಿ ಅಂಗನವಾಡಿಗಳಲ್ಲಿ ಸೀಮಂತವನ್ನೂ ನಡೆಸುತ್ತಾರೆ. ಅಲ್ಲಿ ಎಲ್ಲ ಜಾತಿಯ ಗರ್ಭಿಣಿಯರು ಒಂದೇ ಸಾಲಿನಲ್ಲಿ ಕುಳಿತು ಉಡಿ ತುಂಬಿಸಿಕೊಳ್ಳುತ್ತಾರೆ. ಅದಕ್ಕಿಂತ ಅನುಭವಮಂಟಪಕ್ಕೆ ಹತ್ತಿರವಾದ ಕುಬುಸ ಬೇರೊಂದಿಲ್ಲ. ನಿಮ್ಮ ಮನೆಯಲ್ಲಿ ಕುಬುಸ ಮಾಡಿದಾಗ, ಓಣಿಯಲ್ಲಿ ತವರಿಲ್ಲದ ಗರ್ಭಿಣಿಯೊಬ್ಬಳಿದ್ದರೆ ಅವಳನ್ನೂ ಕರೆದು ಪಕ್ಕದಲ್ಲಿ ಕೂಡಿಸಿರಿ. ಇನ್ನೊಂದು ಹಿಡಿ ಅಕ್ಕಿ, ಇನ್ನೊಂದು ಡಜನ್ ಬಳೆ. ಅದೇ ನಿಜವಾದ ದಾಸೋಹ.

ಮಾನ್ವಿಯ ಆ ತಾಯಿ ಒತ್ತಿಯ ಕಾಗದವನ್ನು ಹರಿದು ಒಲೆಗೆ ಹಾಕಿದರು. ಮೂರು ಎಕರೆ ಹೊಲ ಅವರ ಹೆಸರಿನಲ್ಲಿಯೇ ಉಳಿದಿದೆ. ಮಗಳು ಬಾಣಂತನಕ್ಕೆ ಬಂದು ಹೆಣ್ಣುಮಗುವನ್ನು ಹಡೆದಳು. ತೊಟ್ಟಿಲಿಗೆ ನನ್ನನ್ನು ಕರೆದಾಗ, “ಈ ಸಲಾನೂ ಮನ್ಯಾಗೇ ರೀ ಅಪ್ಪಾರ” ಎಂದು ನಕ್ಕರು. ನಿಮ್ಮ ಮನೆಗಳಲ್ಲಿಯೂ ಮೊದಲ ಮಾತನ್ನು ಆಡುವವರು ನೀವೇ ಆಗಿರಿ.